ಎರಡನೇ ಸೂರ್ಯೋದಯ ಎಂಟು ಗಂಟೆಗೆ

ಅಕ್ಟೋಬರ್ 2011, ತಿಂಗಳ ಎರಡನೇ ಭಾನುವಾರ. ಬೆಳಿಗ್ಗೆ ಹತ್ತು ಗಂಟೆ ಐದು ನಿಮಿಷ. ಸ್ಥಳ: ರಾಜಗೋಪಾಲನಗರದ ನಮ್ಮ ಮನೆಯ ನಡುಮನೆ. ಹಾಜರಿದ್ದವರು: ನಾನು, ಎಂಟು ತಿಂಗಳ ಗರ್ಭಿಣಿಯಾದ ನನ್ನ ಮಗಳು, ಅಳಿಯ, ನನ್ನ ಓರಗಿತ್ತಿ, ಮತ್ತು ನೆಲದ ಮೇಲೆ ರಂಗೋಲಿ ಪುಡಿಯಲ್ಲಿ ಬರೆದ ಎರಡು ಸೂರ್ಯ. ಗೈರುಹಾಜರಾದವರು: ಯಾರೂ ಇಲ್ಲ.

ಹೀಗೆ ಬರೆದುಕೊಳ್ಳುವುದು ನನ್ನ ಅಭ್ಯಾಸ. ಪೀಣ್ಯದ ಒಂದು ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಮೂವತ್ತೊಂದು ವರ್ಷ ಹಾಜರಿ ಹಾಕಿದ ಕೈ ಇದು. ನಿವೃತ್ತಿಯಾದರೂ ಸುಮ್ಮನಿರುವುದಿಲ್ಲ. ಆದರೆ ಇವತ್ತು ಬರೆಯಬೇಕಾಗಿರುವುದು ನನ್ನ ಓರಗಿತ್ತಿಯ ವಿಷಯ, ಎಂದರೆ ನನ್ನ ಯಜಮಾನರ ತಮ್ಮನ ಹೆಂಡತಿಯ ವಿಷಯ. ಲೋಕಕ್ಕೆಲ್ಲ ಒಬ್ಬ ಸೂರ್ಯ ಸಾಕು. ಈಕೆಗೆ ಸಾಲದು!

ಈಕೆಗೆ ಮೊದಲಿನಿಂದಲೂ ಹೀಗೆ ಏನಾದರೊಂದು ಹಿಡಿಯುತ್ತದೆ. ಒಂದು ವರ್ಷ ಇರುವೆಗಳಿಗೆ ವಾರದ ರಜೆ ಯಾವ ದಿನ ಎಂದು ಪತ್ತೆಹಚ್ಚಲು ಹೊರಟಿದ್ದಳು. ಏಳು ವಾರ ಹಿತ್ತಿಲ ಗೋಡೆಯ ಮುಂದೆ ಮಣೆ ಹಾಕಿಕೊಂಡು ಕೂತಳು. ಕೊನೆಗೆ ಎದ್ದು ಬಂದು, "ಪಾಪ ಅಕ್ಕ, ಅವಕ್ಕೆ ಯೂನಿಯನ್ ಇಲ್ಲ" ಎಂದು ನಿಟ್ಟುಸಿರಿಟ್ಟಳು. ಇಂಥವಳ ಜೊತೆ ಒಂದೇ ಅಡುಗೆಮನೆಯಲ್ಲಿ ಮೂವತ್ತು ವರ್ಷ ಇದ್ದೇನೆ ಎಂದರೆ ನನ್ನ ತಾಳ್ಮೆಯನ್ನು ನೀವೇ ಲೆಕ್ಕ ಹಾಕಿ! ನಾನು ಏಳುವುದು ನಾಲ್ಕೂವರೆಗೆ. ಅವಳು ಏಳುವುದು ಎಂಟಕ್ಕೆ. ಎಂಟೂ ಕಾಲಾದರೆ ಅದು ನನ್ನ ಡೈರಿಯಲ್ಲಿ ದಾಖಲಾಗುತ್ತದೆ.

ನಮ್ಮಿಬ್ಬರ ಯಜಮಾನರೂ ಈಗ ಇಲ್ಲ. ಅಣ್ಣತಮ್ಮಂದಿರು ಸೇರಿ ಪೀಣ್ಯದಲ್ಲಿ ಕಟ್ಟಿದ ಶೆಡ್ಡನ್ನು ಹಳೆಯ ಮೇಸ್ತ್ರಿ ನಡೆಸುತ್ತಾನೆ. ಅಲ್ಲಿ ಗೇರು, ಶಾಫ್ಟುಗಳನ್ನು ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡುತ್ತಾರೆ. ಮಹಡಿಯ ಮೇಲಿನ ಮೂರು ರೂಮುಗಳನ್ನು ಬಾಡಿಗೆಗೆ ಕೊಟ್ಟಿದ್ದೇವೆ. ಓರಗಿತ್ತಿಗೆ ಮಕ್ಕಳಿಲ್ಲ. ಇಬ್ಬರಿಗೂ ಇರುವವಳು ನನ್ನ ಮಗಳೊಬ್ಬಳೇ.

ಆ ಮಗಳು ಸಿಂಗಸಂದ್ರದಲ್ಲಿ ಶಾಲಾ ಉಪಾಧ್ಯಾಯಿನಿ. ಅವಳ ಡಾಕ್ಟರು ಅಲ್ಲೇ, ಕೆಲಸ ಅಲ್ಲೇ. ಹೆರಿಗೆಯಿಂದ ಹಿಡಿದು ಮಗು ಶಾಲೆಗೆ ಸೇರುವವರೆಗೆ ನಾನು ಹೋಗಿ ಅವರ ಮನೆಯಲ್ಲೇ ಇರಬೇಕೆಂದು ನಿಶ್ಚಯವಾಗಿತ್ತು. ನಾಲ್ಕು ವರ್ಷದ ಮಾತು! ಇಲ್ಲಿಂದ ಅಲ್ಲಿಗೆ ಎರಡು ಬಸ್ಸು, ಎರಡೂವರೆ ಗಂಟೆ. ಮೆಟ್ರೋ ಕಂಬಗಳೇನೋ ಎದ್ದಿವೆ. ಅದರ ಮೇಲೆ ರೈಲು ಓಡುವ ಹೊತ್ತಿಗೆ ಮಗುವಿಗೆ ಮೀಸೆ ಬರುತ್ತದೆಯೋ ಏನೋ. ನಾನು ಹೊರಟರೆ ಈ ಮನೆಯಲ್ಲಿ ಅವಳೊಬ್ಬಳೇ.

ಮೂರು ವಾರದ ಹಿಂದೆ ಅಳಿಯ ಊಟಕ್ಕೆ ಬಂದಿದ್ದಾಗ ಮಗಳು ಮೆಲ್ಲಗೆ, "ಚಿಕ್ಕಮ್ಮನೂ ಬರಲಿ" ಎಂದಳು. ಅಳಿಯ ಒಳ್ಳೆಯ ಹುಡುಗ, ಮಾತಿನಲ್ಲಿ ಮಾತ್ರ ಬಿಗಿಯಿಲ್ಲ. "ನಮ್ಮನೆ ಅಡುಗೆಮನೆ ಆರಡಿ ಉದ್ದ ಕಣೇ" ಎಂದು ನಕ್ಕ. "ಅತ್ತೆ, ಚಿಕ್ಕತ್ತೆ ಇಬ್ಬರೂ ಬಂದ್ರೆ ಆಕಾಶದಲ್ಲಿ ಎರಡು ಸೂರ್ಯ ಇದ್ದಂಗೆ. ನಾವು ಬೆಂದ್ಹೋಗ್ತೀವಿ ಅಷ್ಟೇ!"

ಎಲ್ಲರೂ ನಕ್ಕೆವು. ಓರಗಿತ್ತಿಯೂ ನಕ್ಕಳು. ಆದರೆ ಅಳಿಯನ ಎಲೆಗೆ ಹೊರಟಿದ್ದ ಅವಳ ಸಾರಿನ ಸೌಟು ಅರ್ಧ ದಾರಿಯಲ್ಲಿ ನಿಂತುಬಿಟ್ಟಿತ್ತು.

ನಾಲ್ಕೇ ದಿನ. ಪೇಪರು ಹಿಡಿದುಕೊಂಡು ಓಡಿ ಬಂದಳು.

"ಅಕ್ಕಾ! ಎರಡು ಸೂರ್ಯರನ್ನ ಸುತ್ತೋ ಗ್ರಹ ಸಿಕ್ಕಿದೆಯಂತೆ! ನಿಜವಾಗ್ಲೂ!"

ನಾನು ಕನ್ನಡಕ ಹಾಕಿಕೊಂಡು ಓದಿದೆ. ಹೌದು, ಸಿಕ್ಕಿತ್ತು. ಶನಿಗ್ರಹದಷ್ಟು ದೊಡ್ಡದು, ಬಹುಪಾಲು ಅನಿಲ, ವಿಪರೀತ ಚಳಿ, ಜೀವಿಗಳು ಇರಲಾರವು ಎಂದೂ ಬರೆದಿತ್ತು.

"ಚಳಿ ಅಂತೆ, ನೋಡಿದ್ರಾ?" ಎಂದಳು ವಿಜಯದಿಂದ. "ಎರಡು ಸೂರ್ಯ ಇದ್ದೂ ಚಳಿ! ಬೆಂದ್ಹೋಗ್ತೀವಿ ಅಂದ್ರಲ್ಲ ಅಳಿಯಂದಿರು?"

"ಬದುಕೋಕೆ ಆಗಲ್ಲ ಅಂತಾನೂ ಇದೆಯಲ್ಲಮ್ಮ."

"ಆ ಗ್ರಹದಲ್ಲಿ ಆಗಲ್ಲ. ಒಂದು ಮನೆ ಸೋರುತ್ತೆ ಅಂತ ಊರಲ್ಲಿ ಬಾಡಿಗೆ ಮನೆಗಳೇ ಇಲ್ಲ ಅಂತೀರಾ? ಇನ್ನೊಂದು ಇರುತ್ತೆ. ನಾನು ಹುಡುಕ್ತೀನಿ."

ಹುಡುಕುವುದಂತೆ! ರಾಜಗೋಪಾಲನಗರದಿಂದ! ಕೂಡಲೇ ಅಳಿಯನಿಗೆ ಫೋನು ಹೋಯಿತು. ಎರಡು ಸೂರ್ಯರ ಕೆಳಗೆ ಜನ ಬದುಕಬಹುದೆಂದು ತೋರಿಸಿಕೊಟ್ಟರೆ ಅವಳೂ ಸಿಂಗಸಂದ್ರಕ್ಕೆ. ಇಲ್ಲದಿದ್ದರೆ ತುಟಿ ಬಿಚ್ಚದೆ ಇಲ್ಲೇ ಇರುವುದು. ಪಂದ್ಯ! ಅಳಿಯ ನಗುತ್ತಲೇ ಒಪ್ಪಿದ. ಅವನಿಗೇನು ಗೊತ್ತು, ಇರುವೆಗಳ ಮುಂದೆ ಏಳು ವಾರ ಕೂತವಳು ಈಕೆ ಎಂದು?

ಮೊದಲ ಪ್ರಯೋಗ ನಮ್ಮ ಅಡುಗೆಮನೆಯಲ್ಲೇ ನಡೆಯಿತು. ಕಟ್ಟೆಯ ಈ ತುದಿಗೆ ನನ್ನ ಗ್ಯಾಸ್ ಒಲೆ, ಆ ತುದಿಗೆ ಅವಳ ಹಳೆಯ ಸೀಮೆಎಣ್ಣೆ ಸ್ಟೌ. ಎರಡೂ ಧಗಧಗ ಉರಿಯುತ್ತಿದ್ದವು. ಅವೇ ಸೂರ್ಯರು. ಅಟ್ಟದ ಕೊಕ್ಕೆಯಿಂದ ಹಗ್ಗ ಇಳಿಬಿಟ್ಟು ಸ್ಟೀಲಿನ ಬಟ್ಟಲೊಂದನ್ನು ಕಟ್ಟಿದ್ದಳು. ಅದು ಗ್ರಹ. ಅದರೊಳಗೆ ಎರಡು ಚಮಚ ತುಪ್ಪ.

"ತುಪ್ಪ ಯಾಕೆ?"

"ಗ್ರಹದ ಮೇಲೆ ನೀರು ಹೆಪ್ಪುಗಟ್ಟಬಾರದಂತೆ, ಕುದಿದು ಆವಿಯಾಗಲೂಬಾರದಂತೆ. ಆಗಲೇ ಅಲ್ಲಿ ಜೀವ ಇರೋದು. ನಮ್ಮೂರಲ್ಲಿ ನೀರು ಯಾವತ್ತು ಹೆಪ್ಪುಗಟ್ಟಿದೆ ಹೇಳಿ? ತುಪ್ಪ ಆದ್ರೆ ಲಕ್ಷಣವಾಗಿ ಗಟ್ಟಿಯಾಗುತ್ತೆ, ಕರಗುತ್ತೆ. ಕರಗಿರಬೇಕು, ಹೊಗೆಯಾಡಬಾರದು. ಅಷ್ಟಿದ್ರೆ ಅದು ವಾಸಕ್ಕೆ ಯೋಗ್ಯ."

ಮಾತೇನೋ ಸರಿಯಾಗಿಯೇ ಇತ್ತು! ಅಷ್ಟರಲ್ಲಿ ಅವಳು ಬಟ್ಟಲನ್ನು ತೂಗಿಬಿಟ್ಟಳು. ಗ್ರಹ ಒಂದು ಸೂರ್ಯನನ್ನು ಬಳಸಿ, ಎರಡರ ನಡುವೆ ನುಗ್ಗಿ, ಇನ್ನೊಂದನ್ನು ಸುತ್ತಲು ಹೋಗಿ, ಹಗ್ಗ ತಿರುಚಿಕೊಂಡು, ಮೂರನೇ ಸುತ್ತಿಗೆ ಹುಚ್ಚು ಹಿಡಿದಂತೆ ಹಾರಿ ಗೋಡೆಗೆ ಬಡಿಯಿತು. ಆ ಗೋಡೆಯ ಮೇಲೆ ಏನಿತ್ತು? ನನ್ನ ವೇಳಾಪಟ್ಟಿ! ನಾಲ್ಕೂವರೆಗೆ ಏಳುವುದರಿಂದ ಹಿಡಿದು ಒಂಬತ್ತೂವರೆಗೆ ದೀಪ ಆರಿಸುವವರೆಗೆ ಈ ಮನೆಯನ್ನು ನಡೆಸುತ್ತಿದ್ದ ಹಾಳೆ. ತುಪ್ಪ ಇಳಿದ ಕಡೆಯೆಲ್ಲ ಕಾಗದ ಪಾರದರ್ಶಕವಾಗಿ, ಐದೂವರೆಯಿಂದ ಎಂಟರವರೆಗಿನ ಕೆಲಸಗಳ ಹಿಂದೆ ಗೋಡೆಯ ಸುಣ್ಣ ಕಾಣತೊಡಗಿತು.

"ಗ್ರಹ ಕೆಟ್ಟಿತು" ಎಂದೆ ಹಲ್ಲು ಕಚ್ಚಿಕೊಂಡು.

"ಇಲ್ಲ ಅಕ್ಕ, ದಾರಿ ಕೆಟ್ಟಿತು" ಎಂದಳು.

ದಾರಿ ಏಕೆ ಕೆಟ್ಟಿತು ಎಂಬುದು ಬಡಾವಣೆಯ ವಾಚನಾಲಯದಲ್ಲಿ ತಿಳಿಯಿತು. ಒಬ್ಬ ಕಾಲೇಜು ಮೇಡಂ ಬಂದು ನಕ್ಷತ್ರಗಳ ಬಗ್ಗೆ ಭಾಷಣ ಮಾಡಿದರು. ಮುಗಿದು ಪ್ರಶ್ನೆ ಕೇಳಿ ಎಂದದ್ದೇ ತಡ, ನನ್ನ ಓರಗಿತ್ತಿ ಎದ್ದು, "ಮೇಡಂ, ಎರಡು ಒಲೆ ನಡುವೆ ತುಪ್ಪದ ಬಟ್ಟಲು ಯಾಕೆ ನಿಲ್ಲಲ್ಲ?" ಎಂದುಬಿಟ್ಟಳು. ಸಭೆ ಗೊಳ್ಳೆಂದಿತು. ನಾನು ಪಕ್ಕದ ಕುರ್ಚಿಯವರ ಸಂಬಂಧಿಕಳಂತೆ ಆ ಕಡೆ ತಿರುಗಿ ಕೂತೆ.

ಆ ಮೇಡಂ ಮಾತ್ರ ನಗಲಿಲ್ಲ. ಹಲಗೆಯ ಮೇಲೆ ಎರಡು ಚುಕ್ಕೆ ಇಟ್ಟು ವಿವರಿಸಿದರು. ನಮ್ಮ ಸೂರ್ಯನಂಥ ನಕ್ಷತ್ರಗಳಲ್ಲಿ ಜೋಡಿಯಾಗಿರುವವು ಬೇಕಾದಷ್ಟಿವೆಯಂತೆ. ಎರಡರ ನಡುವೆ ಅಡ್ಡಾಡುವ ಗ್ರಹ ಎಳೆದಾಟಕ್ಕೆ ಸಿಕ್ಕಿ ಹೊರಗೆ ಎಸೆಯಲ್ಪಡುತ್ತದೆ, ಇಲ್ಲವೇ ಒಂದರೊಳಗೆ ಬೀಳುತ್ತದೆ. ನೆಮ್ಮದಿಯ ದಾರಿ ಎರಡೇ. ಸೂರ್ಯರು ಒಂದಕ್ಕೊಂದು ಹತ್ತಿರವಿದ್ದರೆ ಗ್ರಹ ಸಾಕಷ್ಟು ದೂರದಲ್ಲಿ ಎರಡನ್ನೂ ಸೇರಿಸಿ ಸುತ್ತಬೇಕು. ಸೂರ್ಯರೇ ದೂರ ದೂರ ಇದ್ದರೆ, ಗ್ರಹ ಒಂದಕ್ಕೆ ಹತ್ತಿರ ಅಂಟಿಕೊಂಡು, ಇನ್ನೊಂದು ಬಹಳ ಆಚೆ ಇರಬೇಕು.

"ಹಾಗಿದ್ರೆ ಬದುಕಬಹುದಾ ಮೇಡಂ?"

"ಬದುಕಬಹುದೇನೋ ಅಮ್ಮ. ಇಲ್ಲ ಅಂತ ಯಾರೂ ಹೇಳಿಲ್ಲ, ಇದೆ ಅಂತಾನೂ ಇನ್ನೂ ಸಿಕ್ಕಿಲ್ಲ."

ಮನೆಯವರೆಗೂ ಅವಳ ಕಾಲು ನೆಲದ ಮೇಲಿರಲಿಲ್ಲ. ಮರುದಿನವೇ ನಮ್ಮ ಶೆಡ್ಡಿಗೆ ಹೋದಳು. ಅಲ್ಲಿ ಎರಡು ಫರ್ನೇಸುಗಳು ಅಕ್ಕಪಕ್ಕ ಇವೆ. ಬಾಗಿಲು ತೆರೆದರೆ ಒಳಗೆ ಕೇಸರಿ ಬಣ್ಣ. ಇದಕ್ಕಿಂತ ಒಳ್ಳೆಯ ಜೋಡಿ ಸೂರ್ಯರು ಪೀಣ್ಯದಲ್ಲಿ ಎಲ್ಲಿ ಸಿಗಬೇಕು? ಎರಡು ಕೈಯಲ್ಲಿ ತುಪ್ಪದ ಬಟ್ಟಲು ಹಿಡಿದು, ಹತ್ತು ಹೆಜ್ಜೆ ದೂರದಿಂದ, ಎರಡನ್ನೂ ಸೇರಿಸಿ ನಿಧಾನವಾಗಿ ಸುತ್ತತೊಡಗಿದಳು. ಕಣ್ಣು ತುಪ್ಪದ ಮೇಲೆ, ತುಟಿಯಲ್ಲಿ ಸುತ್ತಿನ ಲೆಕ್ಕ. ನೋಡುವವರಿಗೆ ಹೇಗೆ ಕಾಣಬೇಡ!

ಕೆಲಸದವರು ಕೈ ನಿಲ್ಲಿಸಿದರು. ಮೇಸ್ತ್ರಿ ಗಾಬರಿಯಿಂದ ಪಿಸುಗುಟ್ಟಿದ: "ಅಮ್ಮಾವ್ರು ಏನೋ ಅರಕೆ ಒತ್ಕೊಂಡವ್ರೆ ಕಣ್ರಲಾ. ಚಪ್ಲಿ ಬಿಡ್ರಿ ಮೊದ್ಲು!"

ಹನ್ನೊಂದನೇ ಸುತ್ತು ಮುಗಿಯುವ ಹೊತ್ತಿಗೆ ಶೆಡ್ಡಿನಲ್ಲಿದ್ದವರೆಲ್ಲ ಬರಿಗಾಲಲ್ಲಿ ಕೈಮುಗಿದು ನಿಂತಿದ್ದರು. ಓರಗಿತ್ತಿ ಇದ್ಯಾವುದನ್ನೂ ಗಮನಿಸದೆ, "ಸಕ್ಕತ್ತಾಗಿ ಕರಗಿದೆ! ಹೊಗೆ ಇಲ್ಲ! ಒಂದು ಇನ್ನೊಂದರ ಹಿಂದೆ ಮರೆಯಾದಾಗ ಮಾತ್ರ ಸ್ವಲ್ಪ ತಣ್ಣಗಾಗುತ್ತೆ, ಅದು ಗ್ರಹಣ!" ಎಂದು ಕೂಗಿದಳು. ಮರುದಿನ ನಾನು ಹೋಗಿ ನೋಡಿದರೆ ಎರಡೂ ಫರ್ನೇಸಿಗೆ ಅರಿಶಿನ, ಕುಂಕುಮ, ಮೇಲೊಂದೊಂದು ನಿಂಬೆಹಣ್ಣು. ಆ ವಾರ ಒಂದು ಗೇರೂ ಬಿರುಕು ಬಿಡಲಿಲ್ಲವಂತೆ. "ಶುಕ್ರವಾರ ಶುಕ್ರವಾರ ಅಮ್ಮಾವ್ರನ್ನ ಕಳಿಸ್ಕೊಡಿ" ಎಂದು ಮೇಸ್ತ್ರಿ ನನಗೆ ದುಂಬಾಲು ಬಿದ್ದ!

ತುಪ್ಪಕ್ಕೆ ಬಾಯಿಲ್ಲ, ಮನುಷ್ಯರನ್ನು ಕೇಳಬೇಡವೇ? ಅದೂ ಆಯಿತು. ಮಹಡಿಯ ಒಂದು ರೂಮು ಖಾಲಿಯಾಗಿತ್ತು. ಕೇಳಿಕೊಂಡು ಬಂದವರು ರಾಯಚೂರು ಕಡೆಯ ಇಬ್ಬರು ಗೆಳೆಯರು, ಪೀಣ್ಯದಲ್ಲಿ ಕೆಲಸ. ನಾನು ಊರು, ಕಂಪನಿ, ಗುರುತಿನ ಚೀಟಿ ಎಲ್ಲ ವಿಚಾರಿಸಿ ಮುಗಿಸುವಷ್ಟರಲ್ಲಿ ಇವಳು ನಡುವೆ ಬಾಯಿ ಹಾಕಿದಳು.

"ಎರಡು ಸೂರ್ಯ ಇರೋ ಊರಲ್ಲಿ ಇರ್ತೀರೇನಪ್ಪ?"

ಇಬ್ಬರೂ ಮುಖ ಮುಖ ನೋಡಿಕೊಂಡರು. ಮೊದಲನೆಯವನು ಟವೆಲಿನಿಂದ ಕುತ್ತಿಗೆ ಒರೆಸಿಕೊಂಡ. "ಅವ್ವಾರ, ನಮ್ಮ ರಾಯಚೂರಾಗ ಒಂದ ಸೂರ್ಯಾನ್ನ ತಡಕೊಳ್ಳಾಕ ಆಗವಲ್ದು. ಇನ್ನೊಂದ್ಯಾರಿಗೆ ಬೇಕ್ರಿ!"

ಅವಳ ಮುಖ ಬಾಡಿಹೋಯಿತು. ರಾಯಚೂರಿನವನ ಮಾತು! ಬಿಸಿಲಿನ ವಿಷಯದಲ್ಲಿ ಅವನಿಗಿಂತ ದೊಡ್ಡ ಸಾಕ್ಷಿ ಎಲ್ಲಿಂದ ತರುವುದು? ಆಗ ಎರಡನೆಯವನು ತಲೆ ಕೆರೆದುಕೊಂಡು ಹೇಳಿದ:

"ಇರಬಹುದ್ರಿ ಅವ್ವಾರ. ಈಗ ನಮ್ದ ನೋಡ್ರಿ, ಇಬ್ರಿಗೂ ಒಂದ ಚಾಪಿ. ಇವ ಡೇ ಶಿಫ್ಟು, ನಾ ನೈಟ್ ಶಿಫ್ಟು. ಇವ ಎದ್ದ ಹೋದ ಮ್ಯಾಲ ನಾ ಬಂದ ಮಲಗತೀನಿ. ಆರ ತಿಂಗಳಾತು, ಒಂದಿನಾ ಜಗಳಾ ಇಲ್ಲ. ಸೂರ್ಯಾಗೂ ಹಂಗ ಶಿಫ್ಟ್ ಹಾಕ್ರಿ!"

"ಜಗಳಾ ಹೆಂಗ ಆಗತೈತ್ರಿ, ಇವನ ಮಾರಿ ನೋಡೂದ ಐತವಾರ ಒಂದಿನ" ಎಂದ ಮೊದಲನೆಯವನು.

ರೂಮು ಆ ಕ್ಷಣವೇ ಅವರದಾಯಿತು. ಆದರೆ ನಿಜವಾಗಿ ಸಿಕ್ಕಿಬಿದ್ದವಳು ನಾನು! ಶಿಫ್ಟು ಎಂಬ ಮಾತು ಕಿವಿಗೆ ಬಿದ್ದ ಮೇಲೆ ಟೈಮ್ ಆಫೀಸಿನವಳು ಸುಮ್ಮನಿರುವುದುಂಟೇ? ಅಲ್ಲ, ಅಂಥ ಗ್ರಹವೊಂದಿದ್ದರೆ ಅಲ್ಲಿನ ಕಾರ್ಖಾನೆಗೆ ಸೈರನ್ ಕೂಗುವುದು ಯಾವ ಸೂರ್ಯ ಹುಟ್ಟಿದಾಗ? ಒಂದು ಮುಳುಗಿದ ಮೇಲೂ ಇನ್ನೊಂದು ಮೇಲೇ ಇದ್ದರೆ ಓವರ್‌ಟೈಮ್ ಯಾವಾಗಿನಿಂದ? ಬಟ್ಟೆ ಒಣಗಿಸುವುದಕ್ಕೆ ಒಂದು ಸೂರ್ಯ, ಹಪ್ಪಳಕ್ಕೆ ಇನ್ನೊಂದು ಎಂದು ಹಂಚಿಕೊಡಬಹುದೇ? ಒಂದು ಗ್ರಹಕ್ಕೆ ವೇಳಾಪಟ್ಟಿಯೇ ಇಲ್ಲ ಎಂದರೆ ಅಲ್ಲಿನ ಜನರ ಗತಿಯೇನು! ಮೂರು ಮಧ್ಯಾಹ್ನ ನಿದ್ದೆ ಬಿಟ್ಟು ಗೆರೆ ಎಳೆದೆ. ಅವಳು ಪಕ್ಕದಲ್ಲಿ ಕೂತು ಪೆನ್ಸಿಲ್ ಚೂಪು ಮಾಡಿಕೊಟ್ಟಳು. ಮೂವತ್ತು ವರ್ಷದಲ್ಲಿ ಮೊದಲ ಸಲ ನಾವಿಬ್ಬರೂ ಒಂದೇ ಹಾಳೆಯ ಮೇಲೆ ಕೆಲಸ ಮಾಡಿದ್ದು.

ಹೀಗೆ ಈ ಭಾನುವಾರ ಬಂತು. ಡಾಕ್ಟರು ಇದೇ ಕೊನೆಯ ಪ್ರಯಾಣ ಎಂದಿದ್ದರಿಂದ ಮಗಳನ್ನು ಅಳಿಯ ಕಾರಿನಲ್ಲಿ ಆಮೆಯ ವೇಗದಲ್ಲಿ ಕರೆತಂದ. ಓರಗಿತ್ತಿ ನೆಲದ ಮೇಲೆ ರಂಗೋಲಿಯಲ್ಲಿ ಎಲ್ಲವನ್ನೂ ಬರೆದಿಟ್ಟಿದ್ದಳು. ನಡುವೆ ತೂರಿ ಎಸೆಯಲ್ಪಟ್ಟ ಗ್ರಹ. ಎರಡನ್ನೂ ಸೇರಿಸಿ ಸುತ್ತುವ ಗ್ರಹ. ಒಂದಕ್ಕೇ ಅಂಟಿಕೊಂಡ ಗ್ರಹ. ಕಡ್ಡಿ ಹಿಡಿದು ಒಂದೊಂದನ್ನೇ ವಿವರಿಸಿದಳು. ಒಲೆ, ಫರ್ನೇಸು, ರಾಯಚೂರು, ಯಾವುದನ್ನೂ ಬಿಡಲಿಲ್ಲ. ಅಳಿಯ ಬಿದ್ದು ಬಿದ್ದು ನಗುತ್ತ, "ಚಿಕ್ಕತ್ತೆ, ಸೋತೆ! ಬದುಕಬಹುದು, ಒಪ್ಪಿದೆ! ಬಟ್ಟೆ ಕಟ್ಕೊಳ್ಳಿ!" ಎಂದ.

ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದ್ದೆ. ಅವಳು ಕಡ್ಡಿಯನ್ನು ಮೂರನೇ ಚಿತ್ರದ ಮೇಲೆ ಇಟ್ಟಳು.

"ಗೆದ್ದಿದ್ದು ಸಾಕು ಅಳಿಯಂದ್ರೇ. ಆದ್ರೆ ನಾನು ಆರಡಿಯ ಅಡುಗೆಮನೇನ ಮನಸ್ಸಲ್ಲೇ ಅಳೆದು ನೋಡಿದೆ. ಅಷ್ಟು ಹತ್ತಿರಕ್ಕೆ ಎರಡು ಉರಿ ತಂದ್ರೆ ಗ್ರಹಕ್ಕೆ ನಿಲ್ಲೋಕೆ ಜಾಗ ಎಲ್ಲಿ? ಇದೇ ಸರಿ. ಅಕ್ಕ ಹತ್ತಿರದ ಸೂರ್ಯ. ನಾನು ಇಲ್ಲೇ ದೂರದ್ದು. ದೂರದ್ದರಿಂದ ಕಾವು ಬರಲ್ಲ, ನಿಜ. ಆದ್ರೆ ಆ ಗ್ರಹಕ್ಕೆ ಹತ್ತಿರದ್ದು ಮುಳುಗಿದ ಮೇಲೂ ಎಷ್ಟೋ ರಾತ್ರಿ ಪೂರ್ತಿ ಕತ್ತಲಾಗಲ್ಲವಂತೆ. ದೂರದ್ದು ಮಿಣಮಿಣ ಅಂತಿರುತ್ತೆ. ಮಗು ಹಟ ಮಾಡಿದ್ರೆ ಫೋನು ಮಾಡಿ ಕಿವಿಗಿಡಿ, ನಾನು ಏನಾದ್ರೂ ಹೇಳ್ತೀನಿ."

ಹೊರಗೆ ಯಾರೋ ಮಹಡಿ ಮೆಟ್ಟಿಲು ಹತ್ತಿದ ಸದ್ದಾಯಿತು. ನೈಟ್ ಶಿಫ್ಟಿನವನು ತಡವಾಗಿ ಬಂದಿರಬೇಕು.

ಮಗಳು ಕುರ್ಚಿಯಿಂದ ಕಷ್ಟಪಟ್ಟು ಎದ್ದಳು. ಹೊಟ್ಟೆ ಹಿಡಿದುಕೊಂಡು ಬಂದು ಮೂರನೇ ಚಿತ್ರದ ಮೇಲೆ ಕಾಲಿಟ್ಟು ಒರೆಸಿಬಿಟ್ಟಳು.

"ಚಿಕ್ಕಮ್ಮ, ನೀವು ಇಷ್ಟು ದಿನ ಗ್ರಹ ಎಲ್ಲೆಲ್ಲಿ ಹುಡುಕಿದ್ರಿ? ಇಪ್ಪತ್ತೇಳು ವರ್ಷದಿಂದ ಈ ಮನೇಲೇ ಇತ್ತಲ್ಲ!" ಎಂದವಳು ಗಂಡನ ಕಡೆ ತಿರುಗಿದಳು. "ರೀ, ನಾನು ಎರಡು ಸೂರ್ಯರ ಕೆಳಗೇ ಬೆಳೆದಿದ್ದು. ಸರಿಯಾಗಿ ನೋಡಿ ಹೇಳಿ. ಬೆಂದು ಹೋಗಿದೀನಾ?"

ಅಳಿಯ ಅವಳನ್ನು ಮೇಲಿಂದ ಕೆಳಗೆ ನೋಡಿದ. "ಒಂದೊಂದ್ಸಲ ಸ್ವಲ್ಪ ಬಿಸಿ ಜಾಸ್ತಿ" ಎಂದ. ಆಮೇಲೆ ಚಿಕ್ಕತ್ತೆಯ ಕಡೆ ತಿರುಗಿ, "ಆದ್ರೆ ವಾಸಕ್ಕೆ ಯೋಗ್ಯ" ಎಂದ.

ಓರಗಿತ್ತಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಒಳಗೆ ಓಡಿದಳು. ಕಾಫಿಗೆ ಹಾಲಿಡಲು ಹೋದೆ ಎಂದು ಆಮೇಲೆ ಹೇಳಿದಳು. ಹಾಲಿನ ಪಾತ್ರೆ ಮಾತ್ರ ಇಟ್ಟಲ್ಲೇ ಇತ್ತು.

ನಾಲ್ಕು ಗಂಟೆಗೆ ಅವರು ಹೊರಟರು. ನಾನು ಅಡುಗೆಮನೆಗೆ ಬಂದು ತುಪ್ಪ ಹಿಡಿದ ಹಳೆಯ ವೇಳಾಪಟ್ಟಿಯನ್ನು ಗೋಡೆಯಿಂದ ಬಿಡಿಸಿ, ಸಿಂಗಸಂದ್ರಕ್ಕೆ ಹೊಸದನ್ನು ಬರೆಯಲು ಕೂತೆ. ಆರಡಿಯ ಅಡುಗೆಮನೆ, ಇಬ್ಬರು ಹೆಂಗಸರು, ಎರಡು ಪಾಳಿ. ಮೊದಲ ಪಾಳಿ ನಾಲ್ಕೂವರೆಗೆ, ನನ್ನದು. ಎರಡನೆಯದು ಎಂಟಕ್ಕೆ ಎಂದು ಬರೆಯುವಾಗ, ಎಂದಿನಂತೆ, ಈ ಹೆಂಗಸಿಗೆ ಎಂಟು ಗಂಟೆಯವರೆಗೆ ಎಂಥ ನಿದ್ದೆಯಪ್ಪ ಎಂದುಕೊಂಡೆ. ಮದುವೆಯಾಗಿ ಬಂದ ಹೊಸತರಲ್ಲಿ ಐದಕ್ಕೇ ಏಳುತ್ತಿದ್ದಳಲ್ಲ?

ಪೆನ್ನು ಅಲ್ಲೇ ನಿಂತಿತು.

ಮಗಳು ಹುಟ್ಟಿದ ವರ್ಷ. ಏಳರ ಪಾಳಿಗೆ ನಾನು ಆರೂವರೆಗೇ ಗೇಟಿನಲ್ಲಿರಬೇಕಿತ್ತು. ಆ ಮಗುವೋ ರಾತ್ರಿಯೆಲ್ಲ ಅಳುತ್ತಿತ್ತು. "ನೀವು ಮಲಗಿ ಅಕ್ಕ, ಬೆಳಿಗ್ಗೆ ಹೋಗಬೇಕಲ್ಲ" ಎಂದು ಅವಳು ಮಗುವನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು. ಮಾತು ಬಾರದ ಆ ಕೂಸಿಗೆ ಆಕಾಶದಲ್ಲಿ ಅದು ಏನು, ಇದು ಏನು ಎಂದು ತೋರಿಸುತ್ತ, ನಾಲ್ಕೂವರೆಗೆ ನಾನು ಏಳುವವರೆಗೂ ಹೆಗಲ ಮೇಲೆ ಹಾಕಿಕೊಂಡು ತಿರುಗುತ್ತಿದ್ದಳು. ನಾನು ಎದ್ದ ಮೇಲೆ ಅವಳು ಮಲಗುತ್ತಿದ್ದಳು. ಎರಡು ವರ್ಷ. ಮಗು ದೊಡ್ಡದಾಯಿತು, ಶಾಲೆಗೆ ಹೋಯಿತು, ಮದುವೆಯಾಯಿತು; ಅವಳ ನಿದ್ದೆ ಮಾತ್ರ ಹಳೆಯ ಪಾಳಿಯಲ್ಲೇ ಉಳಿದುಬಿಟ್ಟಿತು. ಸಾವಿರ ಜನರ ಹಾಜರಿ ಹಾಕಿದವಳು ನಾನು. ನನ್ನ ಮನೆಯಲ್ಲಿ ನಡೆದ ಆ ರಾತ್ರಿ ಪಾಳಿಗೆ ಒಂದು ದಿನವೂ ಹಾಜರಿ ಹಾಕಲಿಲ್ಲ. ತಡವಾಗಿ ಎದ್ದದ್ದನ್ನು ಮಾತ್ರ ಬರೆಯುತ್ತ ಬಂದೆ.

ಕಾರ್ಖಾನೆಯಲ್ಲಿ ಗ್ರೇಸ್ ಟೈಮ್ ಎಂದು ಒಂದಿತ್ತು. ಸೈರನ್ ಆದ ಮೇಲೂ ಅಷ್ಟು ನಿಮಿಷ ತಡವಾದರೆ ಕ್ಷಮೆ. ಅದನ್ನು ಕೊಡುವುದು ಬಿಡುವುದು ಟೈಮ್ ಆಫೀಸಿನವರ ಕೈಯಲ್ಲಿತ್ತು. ನಾನು ಯಾರಿಗೂ ಕೊಟ್ಟವಳಲ್ಲ.

ಹೊಸ ಪಟ್ಟಿಯಲ್ಲಿ ಹೀಗೆ ಬರೆದೆ: ಮೊದಲನೇ ಸೂರ್ಯೋದಯ, ನಾಲ್ಕೂವರೆ. ಎರಡನೇ ಸೂರ್ಯೋದಯ, ಎಂಟು. ಗ್ರೇಸ್ ಟೈಮ್, ಬೇಕಾದಷ್ಟು.

ಶಾಯಿ ಆರಿದ ಮೇಲೆ ಹಾಳೆಯನ್ನು ನಾಲ್ಕಾಗಿ ಮಡಚಿ, ಅಟ್ಟದಿಂದ ಅವಳ ಪೆಟ್ಟಿಗೆಯನ್ನು ಇಳಿಸಿ, ಧೂಳು ಒರೆಸಿ, ಅದರೊಳಗೆ ಎಲ್ಲಕ್ಕಿಂತ ಮೊದಲು ಅದನ್ನೇ ಇಟ್ಟೆ. ಸಂಜೆ ಆರು ಗಂಟೆ ಹತ್ತು ನಿಮಿಷ.